ನಿಮ್ಮ ಆಫೀಸಿನ ಎರಡನೇ ಮೆಟ್ಟಿಲು ಎಲ್ಲಿದೆ ಗೊತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಮಾತುಗಳನ್ನು ಸಂಕ್ಷೇಪಿಸಲಾಗಿದೆ.)

ಮೆಟ್ರೋದಲ್ಲೋ, ಬಿಎಂಟಿಸಿ ಬಸ್ಸಿನಲ್ಲೋ ಇಯರ್‌ಫೋನ್ ಹಾಕಿಕೊಂಡು ಆಫೀಸ್ ಕಡೆ ಹೊರಟವರಿಗೆ ಇವತ್ತಿನ ಸಂಚಿಕೆ ಸರಿಯಾದ ಹೊತ್ತಿಗೇ ಸಿಗ್ತಾ ಇದೆ. ಯಾಕಂದ್ರೆ ಇನ್ನು ಅರ್ಧ ಗಂಟೆಯಲ್ಲಿ ನೀವು ಒಂದು ಕಟ್ಟಡದೊಳಗೆ ಹೋಗ್ತೀರಿ, ಲಿಫ್ಟ್ ಹತ್ತುತ್ತೀರಿ, ಸಂಜೆವರೆಗೂ ಅಲ್ಲೇ ಇರ್ತೀರಿ. ಆ ಕಟ್ಟಡದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಲಿಫ್ಟ್ ಪಕ್ಕದ ಮೆಟ್ಟಿಲು ಬಿಟ್ಟು ಇನ್ನೊಂದು ಮೆಟ್ಟಿಲು ಎಲ್ಲಿದೆ? ಅದರಲ್ಲಿ ನೀವು ಒಂದು ಸಲವಾದರೂ ಇಳಿದಿದ್ದೀರಾ?

ಹೋದ ತಿಂಗಳು ಹನ್ನೆರಡು ಜನ ಸ್ನೇಹಿತರಿಗೆ ಈ ಪ್ರಶ್ನೆ ಕಳಿಸಿದ್ದೆ. ಐಟಿ, ಬಿಪಿಓ, ಆಡಿಟ್ ಫರ್ಮ್, ಕೋಚಿಂಗ್ ಸೆಂಟರ್, ಎಲ್ಲಾ ಥರದವರೂ ಇದ್ದರು. ನಾಲ್ಕು ಜನರಿಗೆ ಮಾತ್ರ ಉತ್ತರ ಗೊತ್ತಿತ್ತು. ಆ ನಾಲ್ವರಲ್ಲಿ ಇಬ್ಬರಿಗೆ ಗೊತ್ತಿದ್ದದ್ದು ಅಲ್ಲಿ ಸಿಗರೇಟು ಸೇದೋಕೆ ಹೋಗ್ತಾರೆ ಅನ್ನೋ ಕಾರಣಕ್ಕೆ! ಇದೇನೂ ಸಮೀಕ್ಷೆ ಅಲ್ಲ, ಸುಮ್ಮನೆ ವಾಟ್ಸ್‌ಆಪ್ ವಿಚಾರಣೆ. ಆದ್ರೆ ಇವತ್ತಿನ ವಿಷಯ ಎತ್ತಿಕೊಳ್ಳೋಕೆ ನನಗೆ ಅಷ್ಟು ಸಾಕಾಯ್ತು. ಹತ್ತಾರು ಕಂಪನಿಗಳು ಬಾಡಿಗೆಗಿರೋ ಒಂದೇ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಏನಾಗುತ್ತೆ, ಬೀಳದ ಹಾಗೆ ಏನು ಮಾಡಬೇಕು, ಬಿದ್ದರೆ ಎಲ್ಲರೂ ಜೀವ ಸಹಿತ ಹೊರಗೆ ಬರೋದು ಹೇಗೆ. ಇದಿಷ್ಟು ಇವತ್ತಿನ ಮಾತು.

ಕಾರ್ಲ್‌ಟನ್ ಟವರ್ಸ್, 2010

ನಮ್ಮೂರಿಂದಲೇ ಶುರು ಮಾಡೋಣ. 2010ರ ಫೆಬ್ರವರಿ 23, ಮಂಗಳವಾರ. ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ಏಳು ಮಹಡಿಯ ವಾಣಿಜ್ಯ ಕಟ್ಟಡ, ಒಳಗೆ ಬೇರೆ ಬೇರೆ ಕಂಪನಿಗಳ ಆಫೀಸುಗಳು. ಎಲ್ಲರೂ ಕೆಲಸದಲ್ಲಿದ್ದ ಹೊತ್ತು. ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಂಬತ್ತು ಜನ ಸತ್ತರು. ಹತ್ತಾರು ಜನ ಗಾಯಗೊಂಡರು.

ಆ ದಿನದ ಟಿವಿ ದೃಶ್ಯ ನೋಡಿದವರು ಇವತ್ತಿಗೂ ಮರೆತಿಲ್ಲ. ಮೇಲಿನ ಮಹಡಿಗಳ ಗಾಜು ಒಡೆದುಕೊಂಡು, ಕಿಟಕಿ ಅಂಚಿನಲ್ಲಿ ನಿಂತು ಸಹಾಯಕ್ಕೆ ಕೂಗುತ್ತಿದ್ದ ಜನ. ಕೆಲವರು ಕೆಳಗೆ ಹಾರಿಯೇಬಿಟ್ಟರು. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಅವರು ಜ್ವಾಲೆಗೆ ಹೆದರಿ ಹಾರಲಿಲ್ಲ. ಅವರಿದ್ದ ಮಹಡಿಗೆ ಜ್ವಾಲೆ ಬಂದೇ ಇರಲಿಲ್ಲ. ಬಂದದ್ದು ಹೊಗೆ. ಮೆಟ್ಟಿಲಿನ ಕಡೆ ಹೋದರೆ ಕಪ್ಪು ಹೊಗೆ, ಹಿಂದೆ ಬಂದರೆ ತೆರೆಯಲಾಗದ ಗಾಜು. ಆ ಒಂಬತ್ತು ಜನರಲ್ಲಿ ಕೆಲವರು ಉಸಿರುಗಟ್ಟಿ, ಇನ್ನು ಕೆಲವರು ಹಾರಿ ಬಿದ್ದು ಪ್ರಾಣ ಬಿಟ್ಟರು.

ಈ ದುರಂತದಲ್ಲಿ ಮಗನನ್ನು ಕಳೆದುಕೊಂಡ ಉದಯ್ ವಿಜಯನ್, ಆಮೇಲೆ ಬೇರೆಯವರ ಜೊತೆ ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಅನ್ನೋ ನಾಗರಿಕರ ಗುಂಪು ಕಟ್ಟಿದರು. ಬೆಂಕಿ ಸುರಕ್ಷತೆ ಬಗ್ಗೆ ನಮ್ಮ ರಾಜ್ಯದಲ್ಲಿ ನಡೆದಿರುವ ಎಷ್ಟೋ ಚರ್ಚೆಯ ಹಿಂದೆ ಆ ಗುಂಪಿನ ಒತ್ತಾಯ ಇದೆ. 

ಕಾರ್ಲ್‌ಟನ್ ನಡೆದು ಸರಿಯಾಗಿ ಒಂದು ತಿಂಗಳಿಗೆ, 2010ರ ಮಾರ್ಚ್ 23ರಂದು ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲೂ ಆಫೀಸು, ಅಂಗಡಿ, ಮನೆ ಎಲ್ಲಾ ಒಟ್ಟಿಗೆ ಇದ್ದವು. 43 ಜನ ಹೋದರು. ತಾರಸಿಗೆ ಓಡಿದವರಿಗೆ ಸಿಕ್ಕಿದ್ದು ಬೀಗ ಹಾಕಿದ ಬಾಗಿಲು. 2022ರ ಮೇ 13ರಂದು ದೆಹಲಿಯ ಮುಂಡ್ಕಾದಲ್ಲಿ ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡ ಹೊತ್ತಿ ಉರಿದು 27 ಜನ ಸತ್ತರು. ಅಲ್ಲಿ ಹೊರಗೆ ಬರೋಕೆ ಇದ್ದದ್ದು ಒಂದೇ ದಾರಿ.

ಮೂರು ಊರು, ಮೂರು ಥರದ ಕಟ್ಟಡ. ಬೆಂಕಿ ಹೇಗೆ ಹುಟ್ಟಿತು ಅನ್ನೋದರ ಜೊತೆಗೆ ಜನ ಯಾಕೆ ಹೊರಗೆ ಬರಲಾಗಲಿಲ್ಲ ಅಂತ ನೋಡಿ. ಮೂರರಲ್ಲೂ ದಾರಿಯದೇ ತೊಂದರೆ.

ಹೊಗೆ ಯಾಕೆ ಅಷ್ಟು ಬೇಗ ಮೇಲೆ ಬರುತ್ತೆ?

ಹಳ್ಳಿ ಮನೆಗಳಲ್ಲಿ ಒಲೆಯ ಮೇಲೆ ಹೊಗೆಗೂಡು ಇರ್ತಿತ್ತು, ನೆನಪಿದೆಯಾ? ಕೆಳಗೆ ಬಿಸಿ, ಮೇಲೆ ತೆರೆದ ಬಾಯಿ. ಹೊಗೆ ತಾನಾಗೇ ಎಳೆದುಕೊಂಡು ಹೋಗುತ್ತೆ. ಈಗ ನಿಮ್ಮ ಆಫೀಸ್ ಕಟ್ಟಡ ಯೋಚನೆ ಮಾಡಿ. ನೆಲಮಾಳಿಗೆಯಿಂದ ಮೇಲಿನ ಮಹಡಿವರೆಗೆ ನೆಟ್ಟಗೆ ಹೋಗುವ ಎಷ್ಟು ಹೊಗೆಗೂಡುಗಳಿವೆ? ಲಿಫ್ಟಿನ ಬಾವಿ ಒಂದು. ಮೆಟ್ಟಿಲು ಒಂದು. ಕರೆಂಟ್ ಕೇಬಲ್ ಹೋಗೋ ಡಕ್ಟ್ ಒಂದು. ನೀರಿನ ಪೈಪಿನದು, ಇಂಟರ್ನೆಟ್ ಕೇಬಲಿನದು, ಎಸಿಯದು.

ಈ ಡಕ್ಟ್‌ಗಳನ್ನ ಪ್ರತಿ ಮಹಡಿಯ ಮಟ್ಟದಲ್ಲೂ ಬೆಂಕಿ ತಡೆಯೋ ವಸ್ತುವಿನಿಂದ ಮುಚ್ಚಿರಬೇಕು. ಕೇಬಲ್ ಹೋಗೋಷ್ಟು ಜಾಗ ಬಿಟ್ಟು ಸುತ್ತ ಸೀಲ್ ಮಾಡಬೇಕು. ಕಟ್ಟಡ ಕಟ್ಟುವಾಗ ಮಾಡಿರ್ತಾರೆ ಅಂತಾನೇ ಇಟ್ಟುಕೊಳ್ಳಿ. ಆಮೇಲೆ ಮೂರನೇ ಮಹಡಿಗೆ ಹೊಸ ಕಂಪನಿ ಬರುತ್ತೆ, ಹೊಸ ಇಂಟರ್ನೆಟ್ ಲೈನ್ ಬೇಕು. ಕೇಬಲ್ ಹುಡುಗರು ಬಂದು ಡ್ರಿಲ್ ಹಾಕಿ ತೂತು ಮಾಡ್ತಾರೆ, ಕೇಬಲ್ ಎಳೀತಾರೆ, ಹೋಗ್ತಾರೆ. ಆ ತೂತು ಮತ್ತೆ ಮುಚ್ಚೋರು ಯಾರು? ಹತ್ತು ವರ್ಷದಲ್ಲಿ ಹತ್ತು ಬಾಡಿಗೆದಾರರು ಬಂದು ಹೋದರೆ ಆ ಡಕ್ಟ್ ಜರಡಿ ಆಗಿರುತ್ತೆ.

ಹೊಗೆಯಲ್ಲಿ ಇರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತಕ್ಕೆ ಸೇರಿ ಆಮ್ಲಜನಕದ ಜಾಗ ಹಿಡಿಯುತ್ತೆ. ಮೊದಲು ತಲೆ ಸುತ್ತುತ್ತೆ, ದಿಕ್ಕು ತಪ್ಪುತ್ತೆ, ಆಮೇಲೆ ಪ್ರಜ್ಞೆ ಹೋಗುತ್ತೆ. ದಿನಾ ಓಡಾಡೋ ಕಾರಿಡಾರಿನಲ್ಲೇ ಜನ ದಾರಿ ತಪ್ಪಿ ಬೀಳೋದು ಇದಕ್ಕೇ. ಹೊಗೆ ಬಂದ ಮೇಲೆ ದಾರಿ ಹುಡುಕ್ತೀನಿ ಅನ್ನೋದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೇ.

ಹತ್ತು ಬಾಡಿಗೆದಾರರು, ಒಂದು ಮೆಟ್ಟಿಲು: ಅದು ಯಾರದ್ದು?

ನಾನು ಓದಿದ್ದು ಬಿ.ಕಾಂ. ಹಾಗಾಗಿ ಯಾವ ವಿಷಯ ಎತ್ತಿಕೊಂಡರೂ ಕೊನೆಗೆ ಲೆಕ್ಕಪತ್ರಕ್ಕೇ ಬಂದು ನಿಲ್ತೀನಿ. ಈ ವಿಷಯದ ಗಂಟು ಇರೋದೂ ಅಲ್ಲೇ ಅಂತ ನನ್ನ ಅನಿಸಿಕೆ.

ಇಡೀ ಕಟ್ಟಡ ಒಂದೇ ಕಂಪನಿಯದಾದರೆ ಬೆಂಕಿಯ ಜವಾಬ್ದಾರಿ ಯಾರದು ಅಂತ ಕೇಳೋ ಹಾಗಿಲ್ಲ. ಆದ್ರೆ ಬಾಡಿಗೆಯ ಕಟ್ಟಡದಲ್ಲಿ? ಜಾಗದ ಮಾಲೀಕರು ಒಬ್ಬರು. ಕೆಲವೊಮ್ಮೆ ಒಂದೊಂದು ಮಹಡಿಗೆ ಒಬ್ಬೊಬ್ಬ ಮಾಲೀಕ. ನಿರ್ವಹಣೆಗೆ ಒಂದು ಏಜೆನ್ಸಿ. ಆ ಏಜೆನ್ಸಿ ಸೆಕ್ಯುರಿಟಿಯನ್ನ ಇನ್ನೊಂದು ಏಜೆನ್ಸಿಗೆ ಕೊಟ್ಟಿರುತ್ತೆ. ಒಳಗೆ ಎಂಟೋ ಹತ್ತೋ ಬಾಡಿಗೆದಾರರು. ಅದರಲ್ಲೊಬ್ಬರು ಕೋವರ್ಕಿಂಗ್ ಜಾಗ ನಡೆಸ್ತಿದ್ದರೆ, ಅವರೊಳಗೆ ಮತ್ತೆ ಮೂವತ್ತು ಪುಟ್ಟ ಪುಟ್ಟ ಕಂಪನಿಗಳು. ಮೇಲೊಂದು ರೂಫ್‌ಟಾಪ್ ಕೆಫೆ, ಕೆಳಗೊಂದು ದರ್ಶಿನಿ.

ಪ್ರತಿಯೊಬ್ಬರೂ ತಮ್ಮ ಗಾಜಿನ ಬಾಗಿಲಿನ ಒಳಗೆ ಚೆನ್ನಾಗೇ ಇಟ್ಟುಕೊಂಡಿರ್ತಾರೆ. ಬಾಗಿಲಿನ ಆಚೆ ಇರೋ ಕಾರಿಡಾರು, ಮೆಟ್ಟಿಲು, ಡಕ್ಟು, ನೀರಿನ ಪಂಪು, ಗೇಟು ಎಲ್ಲರಿಗೂ ಸೇರಿದ್ದು. ಎಲ್ಲರಿಗೂ ಸೇರಿದ್ದು ಅಂದ್ರೆ ನಮ್ಮಲ್ಲಿ ಯಾರೂ ನೋಡಿಕೊಳ್ಳದೇ ಇರೋದು ಅಂತ ಅರ್ಥ. ಜೀವ ಉಳಿಸೋ ದಾರಿ ಇರೋದು ಪೂರ್ತಿ ಆ ಭಾಗದಲ್ಲೇ.

ಅದಕ್ಕೆ ನೀವು ದುಡ್ಡು ಕೊಡ್ತಾ ಇಲ್ವಾ? ಕೊಡ್ತಾ ಇದ್ದೀರಿ. ಬಾಡಿಗೆ ಜೊತೆಗೆ ‘ಕಾಮನ್ ಏರಿಯಾ ಮೇಂಟೆನೆನ್ಸ್’ ಅಂತ ಒಂದು ಸಾಲು ಇರುತ್ತೆ, ಎಲ್ಲರೂ ಅದನ್ನ ಕ್ಯಾಮ್ ಅಂತಾರೆ. ಉದಾಹರಣೆಗೆ ನಿಮ್ಮ ಕಂಪನಿಯ ಜಾಗ 2,000 ಚದರ ಅಡಿ, ಕ್ಯಾಮ್ ಚದರ ಅಡಿಗೆ 10 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 20,000. ಇಂಥ ಹನ್ನೆರಡು ಬಾಡಿಗೆದಾರರಿದ್ದರೆ 2,40,000. ವರ್ಷಕ್ಕೆ 28,80,000. ಇದರಲ್ಲಿ ಲಿಫ್ಟ್ ಎಷ್ಟು, ಡೀಸೆಲ್ ಎಷ್ಟು, ಹೌಸ್‌ಕೀಪಿಂಗ್ ಎಷ್ಟು ಅಂತ ಕೇಳಿದರೆ ಲೆಕ್ಕ ಸಿಗಬಹುದು. ಫೈರ್ ಪಂಪಿನ ಸರ್ವೀಸಿಗೆ, ಅಲಾರಂ ಪರೀಕ್ಷೆಗೆ, ಡಕ್ಟ್ ಸೀಲಿಗೆ, ಡ್ರಿಲ್ಲಿಗೆ ಎಷ್ಟು ಖರ್ಚಾಯ್ತು? ಆ ಸಾಲು ಪಟ್ಟಿಯಲ್ಲಿ ಇದೆಯಾ? ಇಲ್ಲ ಅಂದ್ರೆ ಕೆಲಸವೂ ಆಗ್ತಿಲ್ಲ ಅಂತ ಅನುಮಾನ ಪಡೋದು ತಪ್ಪಲ್ಲ. ಖರ್ಚಿಲ್ಲದೆ ಆಗೋ ಕೆಲಸ ಅಲ್ಲ ಅದು.

ಇನ್ನೊಂದು ಲೆಕ್ಕ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ಸುರಕ್ಷತೆಗೇ ಮೀಸಲು. ಆಫೀಸ್ ಕಟ್ಟಡದಲ್ಲಿ ಎಷ್ಟು ಜನ ಇರ್ತಾರೆ ಅಂತ ಅಂದಾಜು ಮಾಡೋಕೆ ಅದು ತಲಾ 10 ಚದರ ಮೀಟರ್ ಲೆಕ್ಕ ಹಿಡಿಯುತ್ತೆ. ಮೆಟ್ಟಿಲು, ಬಾಗಿಲು ಎಷ್ಟು ಅಗಲ ಇರಬೇಕು ಅನ್ನೋದು ಇದರ ಮೇಲೆ ನಿಂತಿದೆ. 2,000 ಚದರ ಅಡಿ ಅಂದ್ರೆ ಸುಮಾರು 186 ಚದರ ಮೀಟರ್, ಅಂದ್ರೆ ಹದಿನೆಂಟು ಹತ್ತೊಂಬತ್ತು ಜನ. ಈಗ ನಿಮ್ಮ ಆಫೀಸಿನ ಕುರ್ಚಿ ಎಣಿಸಿ. ಅಷ್ಟೇ ಜಾಗದಲ್ಲಿ ನಲವತ್ತು ಜನ ಕೂತಿದ್ದರೆ, ಪ್ರತಿ ಮಹಡಿಯಲ್ಲೂ ಹೀಗೇ ಇದ್ದರೆ, ಅಂದಾಜಿಗಿಂತ ಎರಡು ಪಟ್ಟು ಜನ ಅದೇ ಮೆಟ್ಟಿಲಿಗೆ ನುಗ್ಗಬೇಕು. ಒಂದು ಕಂಪನಿ ಮೇಜು ಜಾಸ್ತಿ ಹಾಕಿದರೆ ಅದರ ಬೆಲೆ ಆರನೇ ಮಹಡಿಯ ಬೇರೆ ಕಂಪನಿಯವರೂ ಕೊಡಬೇಕಾಗುತ್ತೆ. ಇದನ್ನ ಯಾವ ಬಾಡಿಗೆ ಕರಾರಲ್ಲೂ ಬರೆದಿರಲ್ಲ.

ಬೀಗದ ಕೈ ಯಾರ ಹತ್ತಿರ?

ನಾನು ರೆಕಾರ್ಡ್ ಮಾಡೋ ರೂಮು ಇರೋದೂ ಇಂಥದ್ದೇ ಒಂದು ಕಟ್ಟಡದಲ್ಲಿ. ಐದು ಮಹಡಿ, ಒಂಬತ್ತು ಬೋರ್ಡು. ಈ ಸಂಚಿಕೆಗೆ ಸಿದ್ಧತೆ ಮಾಡುವಾಗ ಹಿಂದಿನ ಮೆಟ್ಟಿಲಲ್ಲಿ ಮೇಲಿಂದ ಕೆಳಗೆ ಇಳಿದು ನೋಡಿದೆ. ನಾಲ್ಕನೇ ಮಹಡಿ ತಿರುವಿನಲ್ಲಿ ಮುರಿದ ಕುರ್ಚಿಗಳು. ಮೂರನೇದರಲ್ಲಿ ಖಾಲಿ ನೀರಿನ ಕ್ಯಾನುಗಳು. ಎರಡನೇದರಲ್ಲಿ ಹೌಸ್‌ಕೀಪಿಂಗ್ ಅಕ್ಕಂದಿರು ಊಟ ಮಾಡೋ ಜಾಗ, ಪಾಪ ಅವರಿಗೆ ಬೇರೆ ಜಾಗ ಕೊಟ್ಟಿಲ್ಲ. ಕೆಳಗೆ ಬಂದ್ರೆ ಹೊರಗೆ ಹೋಗೋ ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ.

ಕಟ್ಟಡದ ಸೂಪರ್‌ವೈಸರ್ ಐವತ್ತು ದಾಟಿದವರು, ಒಳ್ಳೆ ಮನುಷ್ಯ. “ಅಣ್ಣಾ, ಈ ಬಾಗಿಲಿಗೆ ಯಾಕೆ ಬೀಗ?” ಅಂತ ಕೇಳಿದೆ.

“ನೋಡಮ್ಮಾ, ಹೋದ ವರ್ಷ ಇಲ್ಲಿಂದಲೇ ಎರಡು ಲ್ಯಾಪ್‌ಟಾಪ್ ಹೋಯ್ತು. ನನ್ನ ಸಂಬಳದಲ್ಲಿ ಹಿಡಿತೀವಿ ಅಂದ್ರು. ಬೆಂಕಿ ಯಾವತ್ತೋ ಒಂದು ದಿನ ಬೀಳುತ್ತೆ. ಕಳ್ಳ ದಿನಾ ಬರ್ತಾನೆ.”

“ಬೀಗದ ಕೈ?”

“ಹಗಲು ನನ್ನ ಹತ್ತಿರ. ರಾತ್ರಿ ಗಾರ್ಡ್ ಹತ್ತಿರ. ಅವನು ಗೇಟಲ್ಲಿರ್ತಾನೆ.”

ಅವರ ಮಾತನ್ನ ತಳ್ಳಿಹಾಕೋಕೆ ನನಗಾಗಲಿಲ್ಲ. ಕಳುವಾದರೆ ದಂಡ ಕಟ್ಟೋನು ಅವರು. ಬೆಂಕಿ ಬಿದ್ದರೆ ಏನಾಗುತ್ತೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹೀಗಿದ್ದಾಗ ಯಾರಾದರೂ ಬೀಗವನ್ನೇ ಹಾಕ್ತಾರೆ. ಹಾಗಾಗಿ ಪ್ರಶ್ನೆ ಅವರಿಗಲ್ಲ, ಅವರ ಮೇಲಿನವರಿಗೆ.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಥಿಯೇಟರ್‌ಗಳಲ್ಲಿ, ಮಾಲ್‌ಗಳಲ್ಲಿ ಬಾಗಿಲಿಗೆ ಅಡ್ಡಲಾಗಿ ಒಂದು ಉದ್ದನೆ ಪಟ್ಟಿ ಇರುತ್ತೆ ನೋಡಿ, ಅದಕ್ಕೆ ಪ್ಯಾನಿಕ್ ಬಾರ್ ಅಂತಾರೆ. ಒಳಗಿಂದ ಮೈಯಿಂದ ತಳ್ಳಿದರೂ ಬಾಗಿಲು ತೆರೆಯುತ್ತೆ, ಹೊರಗಿಂದ ತೆರೆಯಲ್ಲ. ಜೊತೆಗೆ ಬಾಗಿಲು ತೆರೆದರೆ ಕೂಗೋ ಒಂದು ಸಣ್ಣ ಅಲಾರಂ ಹಾಕಿ. ಕಳ್ಳ ಹೊರಗೆ ಹೋದರೂ ಗೊತ್ತಾಗುತ್ತೆ, ಜನರೂ ಹೊರಗೆ ಬರಬಹುದು. ಇದನ್ನೇ ಬರೆದು ನಾವು ನಾಲ್ಕು ಬಾಡಿಗೆದಾರರು ಸಹಿ ಹಾಕಿ ಮಾಲೀಕರಿಗೆ ಮೇಲ್ ಕಳಿಸಿದೆವು. ಎರಡು ವಾರ ಉತ್ತರ ಇಲ್ಲ. ಆಮೇಲೆ ಒಂಬತ್ತರಲ್ಲಿ ಏಳು ಬೋರ್ಡಿನವರು ಸಹಿ ಹಾಕಿ ಮತ್ತೆ ಕಳಿಸಿದೆವು. ಬೀಗ ಹೋಗಿದೆ. ಬಾರ್ ಇನ್ನೂ ಬಂದಿಲ್ಲ, ಸದ್ಯಕ್ಕೆ ಒಳಗಿಂದ ತೆಗೆಯೋ ಚಿಲಕ ಇದೆ. ಕುರ್ಚಿಗಳು ಗುಜರಿಗೆ ಹೋದವು. ನೀರಿನ ಕ್ಯಾನುಗಳ ಜೊತೆ ಹೋರಾಟ ಮುಂದುವರಿದಿದೆ.

ನಿಮ್ಮಲ್ಲಿ ಬೀಗದ ಬದಲು ಕಾರ್ಡ್ ತೋರಿಸೋ ಬಾಗಿಲು ಇರಬಹುದು. ಅದರ ಬಗ್ಗೆ ಕೇಳಬೇಕಾದ್ದು ಒಂದೇ: ಅಲಾರಂ ಹೊಡೆದಾಗ, ಕರೆಂಟ್ ಹೋದಾಗ ಆ ಬಾಗಿಲು ತಾನಾಗೇ ಬಿಟ್ಟುಕೊಳ್ಳುತ್ತಾ? ಬಿಟ್ಟುಕೊಳ್ಳಲೇಬೇಕು. ಬಾಯಲ್ಲಿ ಹೌದು ಅಂದ್ರೆ ಸಾಲದು, ಒಂದು ಸಲ ನಿಮ್ಮೆದುರು ಮಾಡಿ ತೋರಿಸೋಕೆ ಹೇಳಿ.

ಬೆಂಕಿ ಹುಟ್ಟೋದು ಎಲ್ಲಿ?

ಆಫೀಸಲ್ಲಿ ಒಲೆ ಇಲ್ಲ, ಬೆಂಕಿ ಎಲ್ಲಿಂದ ಬರುತ್ತೆ ಅಂತ ಕೇಳಬಹುದು. ಹೆಚ್ಚಾಗಿ ಕರೆಂಟಿನಿಂದ. ಬೇಗ ಬೇಗ ಹೇಳಿಬಿಡ್ತೀನಿ, ಬರೆದುಕೊಳ್ಳಿ.

ಒಂದು ಪ್ಲಗ್ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಬೋರ್ಡ್, ಆ ಬೋರ್ಡಿಗೆ ಇನ್ನೊಂದು ಬೋರ್ಡ್, ಅದಕ್ಕೆ ಕೆಟಲ್ಲು, ಮೈಕ್ರೋವೇವು. ತಂತಿ ಬಿಸಿಯಾಗುತ್ತೆ, ಮೇಲಿನ ಪ್ಲಾಸ್ಟಿಕ್ ಕರಗುತ್ತೆ. ಪ್ಲಗ್ ಮುಟ್ಟಿದರೆ ಬಿಸಿ ಅನ್ನಿಸಿದರೆ, ಸುಟ್ಟ ವಾಸನೆ ಬಂದರೆ, ಎಂಸಿಬಿ ಪದೇ ಪದೇ ಬೀಳ್ತಾ ಇದ್ದರೆ ಅದು ಎಚ್ಚರಿಕೆ. ಎಂಸಿಬಿ ಬೀಳುತ್ತೆ ಅಂತ ದೊಡ್ಡ ಎಂಸಿಬಿ ಹಾಕಿಸೋದು, ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ.

ಯುಪಿಎಸ್ ಬ್ಯಾಟರಿ ಇಟ್ಟಿರೋ ರೂಮು. ಎಷ್ಟೋ ಕಡೆ ಹಳೆ ಫೈಲು, ರಟ್ಟಿನ ಡಬ್ಬ, ದೀಪಾವಳಿ ಅಲಂಕಾರದ ಸಾಮಾನು ತುಂಬೋದು ಅಲ್ಲೇ. ಬ್ಯಾಟರಿ ಬಿಸಿಯಾಗೋ ರೂಮಿನಲ್ಲಿ ಉರಿಯೋ ಸಾಮಾನು ಇಡಬಾರದು.

ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಕಳಚಿಕೊಂಡು ಬಂದು ಮೇಜಿನ ಕೆಳಗೆ ಚಾರ್ಜ್‌ಗೆ ಹಾಕೋರು ನಮ್ಮಲ್ಲಿ ತುಂಬ ಜನ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸೋದು ಬಹಳ ಕಷ್ಟ, ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತೆ. ಹೊರಗೆ ಹೋಗೋ ದಾರಿಯಲ್ಲಿ, ಮೆಟ್ಟಿಲ ಕೆಳಗೆ ಅದನ್ನ ಚಾರ್ಜ್ ಮಾಡಲೇಬೇಡಿ.

ಆಮೇಲೆ ಕೆಫೆ, ಕ್ಯಾಂಟೀನಿನ ಗ್ಯಾಸ್ ಸಿಲಿಂಡರ್. 2023ರ ಅಕ್ಟೋಬರ್ 18ರಂದು ಕೋರಮಂಗಲದಲ್ಲಿ ನಾಲ್ಕನೇ ಮಹಡಿಯ ಕೆಫೆ ಹೊತ್ತಿಕೊಂಡ ವಿಡಿಯೋ ನೀವೆಲ್ಲಾ ನೋಡಿರ್ತೀರಿ. ಸಿಲಿಂಡರ್‌ಗಳು ಸಿಡಿದವು, ಒಬ್ಬರು ಮೇಲಿಂದ ಹಾರಿದರು. 2017ರ ಡಿಸೆಂಬರ್ 29ರಂದು ಮುಂಬೈಯ ಕಮಲಾ ಮಿಲ್ಸ್ ಆವರಣದ ರೂಫ್‌ಟಾಪ್ ಪಬ್‌ನಲ್ಲಿ 14 ಜನ ಸತ್ತರು. ಅವರಲ್ಲಿ ಹಲವರು ಸಿಕ್ಕಿದ್ದು ಟಾಯ್ಲೆಟ್‌ನಲ್ಲಿ. ದಾರಿ ಕಾಣದೆ ಅಲ್ಲಿ ಆಸರೆ ಹುಡುಕಿದ್ದರು. ನಿಮ್ಮ ಆಫೀಸಿನ ಮೇಲೋ ಕೆಳಗೋ ಅಡುಗೆಮನೆ ಇದ್ದರೆ, ಅವರ ಸಿಲಿಂಡರ್ ಎಲ್ಲಿದೆ ಅಂತ ತಿಳ್ಕೊಳ್ಳೋ ಹಕ್ಕು ನಿಮಗಿದೆ.

ಯೋಜನೆ ಅಂದ್ರೆ ಗೋಡೆ ಮೇಲಿನ ನಕ್ಷೆ ಅಲ್ಲ

‘ಇವ್ಯಾಕ್ಯುಯೇಷನ್ ಪ್ಲಾನ್’ ಅಂತ ಬಣ್ಣದ ನಕ್ಷೆ ಎಷ್ಟೋ ಕಡೆ ಅಂಟಿಸಿರ್ತಾರೆ. ಕೆಲವು ಕಡೆ ಅದು ಹಿಂದಿನ ಬಾಡಿಗೆದಾರರ ಕಾಲದ್ದು. ಗೋಡೆಗಳೇ ಬದಲಾಗಿರುತ್ತೆ, ನಕ್ಷೆಯಲ್ಲಿ ಬಾಗಿಲಿರೋ ಜಾಗದಲ್ಲಿ ಈಗ ಮೀಟಿಂಗ್ ರೂಮ್ ಇರುತ್ತೆ. ನಿಜವಾದ ಯೋಜನೆ ಐದು ಪ್ರಶ್ನೆಗೆ ಉತ್ತರ ಕೊಡಬೇಕು.

ಮೊದಲನೇದು, ಎಚ್ಚರಿಕೆ ಎಲ್ಲರಿಗೂ ತಲುಪುತ್ತಾ? ಎರಡನೇ ಮಹಡಿಯ ಕಂಪನಿಯ ಒಳಗಿನ ಅಲಾರಂ ಐದನೇ ಮಹಡಿಯವರಿಗೆ ಕೇಳಬೇಕು. ಬಾಡಿಗೆದಾರರು ತಮ್ಮ ತಮ್ಮ ಅಲಾರಂ ಹಾಕಿಕೊಂಡು, ಅದು ಕಟ್ಟಡದ ಮುಖ್ಯ ಪ್ಯಾನೆಲ್‌ಗೆ ಸೇರದೇ ಇದ್ದರೆ, ಮೇಲಿನವರಿಗೆ ಬೆಂಕಿಯ ಸುದ್ದಿ ಹೇಳೋದು ಹೊಗೆಯೇ.

ಎರಡನೇದು, ಪ್ರತಿ ಮಹಡಿಗೂ ಜವಾಬ್ದಾರಿ ಹೊತ್ತ ಮನುಷ್ಯ ಯಾರು? ಸಂಹಿತೆಯ ಮಾರ್ಗಸೂಚಿಯಲ್ಲಿ ಫೈರ್ ವಾರ್ಡನ್ ಮತ್ತು ಅವರಿಗೊಬ್ಬ ಉಪ ವಾರ್ಡನ್ ಇರಬೇಕು ಅಂತಿದೆ. ಉಪ ಯಾಕಂದ್ರೆ ಬೆಂಕಿ ವಾರ್ಡನ್ ರಜೆ ನೋಡಿಕೊಂಡು ಬರಲ್ಲ. ಒಂದೇ ಮಹಡಿಯಲ್ಲಿ ಮೂರು ಕಂಪನಿ ಇದ್ದರೆ ಮೂವರೂ ಸೇರಿ ಹೆಸರು ಕೊಡಬೇಕು. ಟಾಯ್ಲೆಟ್, ಮೀಟಿಂಗ್ ರೂಮ್, ಸರ್ವರ್ ರೂಮ್ ನೋಡಿ ಯಾರೂ ಉಳಿದಿಲ್ಲ ಅಂತ ಖಚಿತ ಮಾಡೋದು ಇವರ ಕೆಲಸ. ರಾತ್ರಿ ಪಾಳಿ ಇದ್ದರೆ ರಾತ್ರಿಗೇ ಬೇರೆ ಹೆಸರು ಬೇಕು.

ಮೂರನೇದು, ಮೆಟ್ಟಿಲು ಇಳಿಯಲಾಗದವರು? ಗಾಲಿಕುರ್ಚಿ ಬಳಸೋರು, ತುಂಬು ಗರ್ಭಿಣಿ, ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡೋರು, ಅಲಾರಂ ಕೇಳಿಸದವರು. ಇವರಿಗೆ ತಲಾ ಇಬ್ಬರು ಜೊತೆಗಾರರು ಮೊದಲೇ ಗೊತ್ತಾಗಿರಬೇಕು. ಯಾರು ಎತ್ತೋದು, ಎಲ್ಲಿ ಕಾಯೋದು, ಅಗ್ನಿಶಾಮಕದವರಿಗೆ ಹೇಳೋರು ಯಾರು. ಆ ಹೊತ್ತಿನಲ್ಲಿ ಯಾರಾದರೂ ನೋಡಿಕೊಳ್ತಾರೆ ಅನ್ನೋದು ನಡೆಯೋ ಮಾತಲ್ಲ.

ನಾಲ್ಕನೇದು, ಹೊರಗೆ ಬಂದು ಎಲ್ಲಿ ಸೇರೋದು? ನೆಲಮಾಳಿಗೆ ಪಾರ್ಕಿಂಗ್ ಅಲ್ಲ. ಗೇಟಿನ ಮುಂದೆಯೂ ಅಲ್ಲ, ಫೈರ್ ಎಂಜಿನ್ ಬರೋದು ಅಲ್ಲಿಂದಲೇ. ಕಟ್ಟಡದಿಂದ ದೂರ, ಮೇಲಿಂದ ಗಾಜು ಬೀಳದ ಜಾಗ. ಅಲ್ಲಿ ಪ್ರತಿ ಕಂಪನಿಯೂ ತಲೆ ಎಣಿಸಬೇಕು. ಇವತ್ತು ಯಾರು ಬಂದಿದ್ದರು, ಯಾರು ವರ್ಕ್ ಫ್ರಂ ಹೋಮ್, ಇಂಟರ್ವ್ಯೂಗೆ ಬಂದಿದ್ದ ಹುಡುಗಿ ಎಲ್ಲಿ, ಪಾರ್ಸೆಲ್ ತಂದಿದ್ದ ಹುಡುಗ ಎಲ್ಲಿ. ಲೆಕ್ಕ ಇಲ್ಲದಿದ್ದರೆ ಒಳಗೆ ಯಾರೂ ಇಲ್ಲದ ಮಹಡಿಗೆ ಅಗ್ನಿಶಾಮಕ ಸಿಬ್ಬಂದಿ ಜೀವ ಪಣಕ್ಕಿಟ್ಟು ಹೋಗಬೇಕಾಗುತ್ತೆ. ಅಥವಾ ಒಬ್ಬರು ಒಳಗೇ ಉಳಿದಿದ್ದಾರೆ ಅಂತ ಯಾರಿಗೂ ಗೊತ್ತಾಗಲ್ಲ.

ಐದನೇದು, ಇದನ್ನೆಲ್ಲಾ ಮಾಡಿ ನೋಡಿದ್ದು ಯಾವಾಗ? ಎತ್ತರದ ಕಟ್ಟಡಗಳಿಗೆ ಸಂಹಿತೆಯ ಮಾರ್ಗಸೂಚಿ ಹೇಳೋದು: ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ಡ್ರಿಲ್. ಅದೂ ಇಡೀ ಕಟ್ಟಡ ಸೇರಿ. ಒಂದು ಕಂಪನಿ ಮಾತ್ರ ಇಳಿದು ಸೆಲ್ಫಿ ತೆಗೆದುಕೊಂಡು ಹತ್ತಿದರೆ, ಎಲ್ಲಾ ಮಹಡಿಯವರೂ ಒಂದೇ ಮೆಟ್ಟಿಲಲ್ಲಿ ಸೇರಿದಾಗ ಎಲ್ಲಿ ಸಿಕ್ಕಿಕೊಳ್ತಾರೆ ಅನ್ನೋದು ಗೊತ್ತೇ ಆಗಲ್ಲ.

ಬೈಸಿಕೊಂಡೇ ಡ್ರಿಲ್ ಮಾಡಿಸಿದ ಮನುಷ್ಯ

ಡ್ರಿಲ್ ಅಂದ್ರೆ ನಮಗೆಲ್ಲಾ ಬೇಜಾರು. ಕಾಲ್ ನಡೀತಿರುತ್ತೆ, ಡೆಡ್‌ಲೈನ್ ಇರುತ್ತೆ. ಅದಕ್ಕೇ ರಿಕ್ ರೆಸ್ಕೋರ್ಲಾ ಅನ್ನೋರ ಕಥೆ ಹೇಳ್ತೀನಿ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕೂಡ ನೂರಾರು ಬಾಡಿಗೆದಾರರಿದ್ದ ಆಫೀಸ್ ಕಟ್ಟಡವೇ. ಅದರ ದಕ್ಷಿಣ ಗೋಪುರದಲ್ಲಿ ಮೋರ್ಗನ್ ಸ್ಟ್ಯಾನ್ಲಿ ಅನ್ನೋ ಹಣಕಾಸು ಕಂಪನಿ ಇತ್ತು, ಸುಮಾರು 2,700 ನೌಕರರು. ರೆಸ್ಕೋರ್ಲಾ ಅವರ ಭದ್ರತಾ ಮುಖ್ಯಸ್ಥ. 1993ರಲ್ಲಿ ಆ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬ್ ಸ್ಫೋಟವಾದಾಗ, ಹೊಗೆ ತುಂಬಿದ ಕತ್ತಲೆ ಮೆಟ್ಟಿಲಲ್ಲಿ ಜನ ಇಳಿಯೋಕೆ ಗಂಟೆಗಟ್ಟಲೆ ಬೇಕಾಗಿತ್ತು. ಆಮೇಲೆ ಅವರು ತಮ್ಮ ಕಂಪನಿಯವರಿಗೆ ಮೇಲಿಂದ ಮೇಲೆ ಡ್ರಿಲ್ ಮಾಡಿಸ್ತಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಫೋನ್ ಇಡಿಸಿ ಮೆಟ್ಟಿಲು ಇಳಿಸೋರು. ಗೊಣಗಿದವರೇ ಹೆಚ್ಚು.

2001ರ ಸೆಪ್ಟೆಂಬರ್ 11. ಪಕ್ಕದ ಗೋಪುರಕ್ಕೆ ವಿಮಾನ ಬಡಿಯಿತು. ದಕ್ಷಿಣ ಗೋಪುರದವರು ತಮ್ಮ ಜಾಗದಲ್ಲೇ ಇರಿ ಅಂತ ಕಟ್ಟಡದ ಕಡೆಯಿಂದ ಸೂಚನೆ ಬಂತು. ರೆಸ್ಕೋರ್ಲಾ ಕೇಳಲಿಲ್ಲ. ಕೈಯಲ್ಲಿ ಮೆಗಾಫೋನ್ ಹಿಡಿದು ಎಲ್ಲರನ್ನೂ ಇಳಿಸೋಕೆ ಶುರು ಮಾಡಿದರು. ಜನರಿಗೆ ದಾರಿ ಗೊತ್ತಿತ್ತು, ಕಾಲಿಗೆ ಅಭ್ಯಾಸ ಇತ್ತು. ಆ 2,700 ಜನರಲ್ಲಿ ಬಹುತೇಕ ಎಲ್ಲರೂ ಬದುಕಿ ಬಂದರು. ಉಳಿದವರನ್ನ ಹುಡುಕೋಕೆ ಮತ್ತೆ ಮೇಲೆ ಹತ್ತಿದ ರೆಸ್ಕೋರ್ಲಾ ಬರಲಿಲ್ಲ.

ಅಷ್ಟು ದೊಡ್ಡ ದಾಳಿ ನಮ್ಮ ಬದುಕಲ್ಲಿ ಬರದೇ ಇರಲಿ. ಆದ್ರೆ ಅವರು ಮಾಡಿದ್ದರಲ್ಲಿ ದುಬಾರಿ ಯಂತ್ರ ಏನೂ ಇರಲಿಲ್ಲ, ಗಮನಿಸಿ. ಇದ್ದದ್ದು ಮೆಟ್ಟಿಲು, ಅಭ್ಯಾಸ, ಬೈಸಿಕೊಳ್ಳೋಕೆ ಸಿದ್ಧವಿದ್ದ ಒಬ್ಬ ಮನುಷ್ಯ.

ಅಲಾರಂ ಹೊಡೆದರೆ

ಈಗ ಆ ಕ್ಷಣಕ್ಕೆ ಬರೋಣ. ಅಲಾರಂ ಹೊಡೀತಿದೆ. ಟೆಸ್ಟಿಂಗ್ ಇರಬೇಕು ಅಂತ ಪಕ್ಕದವರ ಮುಖ ನೋಡಬೇಡಿ. ಅವರೂ ನಿಮ್ಮ ಮುಖವನ್ನೇ ನೋಡ್ತಿರ್ತಾರೆ. ಏಳಿ. ಲ್ಯಾಪ್‌ಟಾಪ್, ಬ್ಯಾಗ್, ಟಿಫನ್ ಬಾಕ್ಸ್ ಬಿಡಿ. ಫೋನ್ ಕೈಲಿದ್ದರೆ ಸಾಕು.

ಲಿಫ್ಟ್ ಬೇಡವೇ ಬೇಡ. ಕರೆಂಟ್ ಹೋದರೆ ಮಧ್ಯದಲ್ಲಿ ನಿಲ್ಲುತ್ತೆ, ಬಾವಿಯಲ್ಲಿ ಹೊಗೆ ತುಂಬುತ್ತೆ, ಕೆಲವೊಮ್ಮೆ ಬೆಂಕಿ ಇರೋ ಮಹಡಿಯಲ್ಲೇ ಬಾಗಿಲು ತೆರೆಯಬಹುದು. ಮುಚ್ಚಿರೋ ಬಾಗಿಲನ್ನ ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ, ಇನ್ನೊಂದು ದಾರಿ ಹಿಡಿಯಿರಿ. ಹೊಗೆ ಇದ್ದರೆ ಬಗ್ಗಿ, ಬೇಕಾದರೆ ತೆವಳಿಕೊಂಡು ಹೋಗಿ, ಉಸಿರಾಡೋ ಗಾಳಿ ನೆಲದ ಹತ್ತಿರ ಸ್ವಲ್ಪ ಚೆನ್ನಾಗಿರುತ್ತೆ. ಒದ್ದೆ ಕರ್ಚೀಫು ಮಸಿಯನ್ನ ಸ್ವಲ್ಪ ತಡೆಯುತ್ತೆ, ವಿಷಾನಿಲವನ್ನ ತಡೆಯಲ್ಲ. ಅದನ್ನ ನಂಬಿ ದಟ್ಟ ಹೊಗೆಯೊಳಗೆ ನುಗ್ಗಬೇಡಿ.

ಹೊರಗೆ ಬರುವಾಗ ಹಿಂದಿನ ಬಾಗಿಲು ಮುಚ್ಚಿ, ಬೀಗ ಹಾಕಬೇಡಿ. ಮುಚ್ಚಿದ ಒಂದು ಬಾಗಿಲು ಹೊಗೆಯನ್ನ ಎಷ್ಟೋ ನಿಮಿಷ ಹಿಡಿದಿಡುತ್ತೆ. ಮೆಟ್ಟಿಲಿನ ಫೈರ್ ಡೋರ್‌ಗೆ ಗಾಳಿ ಬರಲಿ ಅಂತ ಇಟ್ಟಿಗೆ ಕೊಟ್ಟು ತೆರೆದಿಡ್ತಾರಲ್ಲ, ಅದನ್ನ ಕಂಡಾಗೆಲ್ಲಾ ಇಟ್ಟಿಗೆ ಎತ್ತಿ ಪಕ್ಕಕ್ಕಿಡಿ. ತೆರೆದ ಬಾಗಿಲಿದ್ದರೆ ಆ ಮೆಟ್ಟಿಲೂ ಹೊಗೆಗೂಡೇ.

ಇಳಿಯೋ ದಾರಿಯೇ ಮುಚ್ಚಿಹೋಗಿದ್ದರೆ? ರಸ್ತೆ ಕಡೆ ಕಿಟಕಿ ಇರೋ ರೂಮಿಗೆ ಹೋಗಿ, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ. ಫೋನ್ ಮಾಡಿ, ನೀವಿರೋ ಮಹಡಿ ಹೇಳಿ, ಕಿಟಕಿಯಲ್ಲಿ ಬಟ್ಟೆ ಬೀಸಿ. ಟಾಯ್ಲೆಟ್‌ಗೆ ಹೋಗಬೇಡಿ. 

ನಂಬರ್ 101 ಅಥವಾ 112. ಕಟ್ಟಡದ ಹೆಸರು, ರಸ್ತೆ, ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಜನ ಇದ್ದಾರಾ, ಇಷ್ಟು ಹೇಳಿ. ಬೇರೆ ಯಾರಾದರೂ ಮಾಡಿರ್ತಾರೆ ಅಂದ್ಕೋಬೇಡಿ.

ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಬಗ್ಗೆ ಎರಡು ಮಾತು. ಕಸದ ಬುಟ್ಟಿಯಷ್ಟು ಸಣ್ಣ ಬೆಂಕಿ, ಹೊರಹೋಗೋ ದಾರಿ ನಿಮ್ಮ ಬೆನ್ನ ಹಿಂದೆ, ಬಳಸೋಕೆ ಗೊತ್ತಿದೆ, ಈ ಮೂರೂ ಇದ್ದರೆ ಮಾತ್ರ ಪ್ರಯತ್ನಿಸಿ. ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿ ಒತ್ತಿ, ಆ ಕಡೆ ಈ ಕಡೆ ಆಡಿಸಿ. ಆಫೀಸಲ್ಲಿರೋ ಸಿಲಿಂಡರ್ ಒಂದು ನಿಮಿಷವೂ ಬರಲ್ಲ. ಅಷ್ಟರಲ್ಲಿ ಆರದಿದ್ದರೆ ಹೊರಡಿ. ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ.

ಈ ವಾರದ ಕೆಲಸ

ಕೇಳಿ ಮರೆತುಬಿಡೋ ಸಂಚಿಕೆ ಆಗಬಾರದು. ಹಾಗಾಗಿ ಹೋಮ್‌ವರ್ಕ್.

ನೌಕರರಾಗಿದ್ದರೆ: ಇವತ್ತು ಮನೆಗೆ ಹೊರಡುವಾಗ ಲಿಫ್ಟ್ ಬಿಟ್ಟು ಎರಡನೇ ಮೆಟ್ಟಿಲಲ್ಲಿ ಇಳಿಯಿರಿ. ನಿಮ್ಮ ಮೇಜಿನಿಂದ ಆ ಬಾಗಿಲಿಗೆ ಎಷ್ಟು ಹೆಜ್ಜೆ, ಎಷ್ಟು ತಿರುವು ಎಣಿಸಿ. ಅಡ್ಡ ಏನಾದರೂ ಕಂಡರೆ ಫೋಟೋ ತೆಗೆದು, ದಿನಾಂಕ ಹಾಕಿ, ಎಚ್‌ಆರ್‌ಗೂ ಅಡ್ಮಿನ್‌ಗೂ ಮೇಲ್ ಮಾಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಮೇಲ್ ದಾಖಲೆಯಾಗಿ ಉಳಿಯುತ್ತೆ.

ಸಣ್ಣ ಕಂಪನಿ ನಡೆಸ್ತಿದ್ದರೆ: ಕರಾರಿಗೆ ಸಹಿ ಹಾಕೋ ಮುಂಚೆ ಅಗ್ನಿಶಾಮಕ ಇಲಾಖೆಯ ಅನುಮತಿ ಪತ್ರದ ಪ್ರತಿ ಕೇಳಿ, ಕೊನೆಯ ಡ್ರಿಲ್ ಯಾವಾಗ ಆಯ್ತು ಕೇಳಿ, ಕ್ಯಾಮ್ ಖರ್ಚಿನ ವಿವರ ಕೊಡಬೇಕು ಅಂತ ಒಂದು ಷರತ್ತು ಸೇರಿಸಿ. ಈಗಾಗಲೇ ಒಳಗಿದ್ದರೆ ಉಳಿದ ಬಾಡಿಗೆದಾರರ ಜೊತೆ ಒಂದು ವಾಟ್ಸ್‌ಆಪ್ ಗುಂಪು ಮಾಡಿ. ಒಬ್ಬರ ಮಾತು ದೂರು ಅನ್ನಿಸಿಕೊಳ್ಳುತ್ತೆ. ಏಳು ಜನರ ಮಾತಿಗೆ ಮಾಲೀಕರು ಉತ್ತರ ಕೊಡಲೇಬೇಕಾಗುತ್ತೆ.

ಕಟ್ಟಡದ ಗಾರ್ಡ್, ಹೌಸ್‌ಕೀಪಿಂಗ್ ಅಕ್ಕಂದಿರನ್ನ ಡ್ರಿಲ್‌ಗೆ ಸೇರಿಸಿಕೊಳ್ಳಿ. ಯಾವ ಬಾಗಿಲು ತೆರೆಯುತ್ತೆ, ಯಾವುದು ತುಕ್ಕು ಹಿಡಿದಿದೆ ಅಂತ ನಿಜವಾಗಿ ಗೊತ್ತಿರೋದು ಅವರಿಗೆ ಮಾತ್ರ.

ನಿಮ್ಮ ಕಟ್ಟಡದಲ್ಲಿ ಏನು ಕಂಡಿರಿ, ಕೇಳಿದ್ದಕ್ಕೆ ಏನು ಉತ್ತರ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಕಟ್ಟಡದ ಹೆಸರು ಹೇಳದೆ, ಮುಂದಿನ ತಿಂಗಳ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀನಿ. ನಮ್ಮ ಮೂರನೇ ಮಹಡಿಯ ನೀರಿನ ಕ್ಯಾನುಗಳ ಸುದ್ದಿಯನ್ನೂ ಹೇಳ್ತೀನಿ. ಅಲ್ಲಿವರೆಗೂ ಹುಷಾರಾಗಿರಿ. ನಮಸ್ಕಾರ.